ಓದುಗರ ಪ್ರಶ್ನೆ: ಜಿಂಕೆ ಬೇಟೆಯ ಹಗುರ ಗುಂಡು, ಮನೆಯಲ್ಲೇ ತುಂಬುವ ತೋಟಾ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಅಮೆರಿಕದಲ್ಲಿ ನೆಲೆಸಿರುವ ಕನ್ನಡಿಗ ಓದುಗರವು. ಶರತ್ಕಾಲದ ಜಿಂಕೆ ಬೇಟೆ ಸಮೀಪಿಸುತ್ತಿರುವುದರಿಂದ ಹಗುರ ಗುಂಡುಗಳ ಬಗ್ಗೆ ಮತ್ತು ತೋಟಾಗಳನ್ನು ಅಂಗಡಿಯಲ್ಲಿ ಕೊಳ್ಳುವ ಬದಲು ಮನೆಯಲ್ಲೇ ತುಂಬಿಕೊಳ್ಳುವ ಬಗ್ಗೆ ಅವರು ಕೇಳಿದ್ದಾರೆ. ಉತ್ತರಗಳೆಲ್ಲ ಆ ದೇಶದ ಕಾನೂನಿಗೆ ಒಳಪಟ್ಟವು. ಭಾರತದ ಸ್ಥಿತಿ ಬೇರೆ, ಅದನ್ನು ಕೊನೆಯ ಎರಡು ಉತ್ತರಗಳಲ್ಲಿ ಹೇಳಿದೆ.

ಹೊಸ ಓದುಗರಿಗಾಗಿ ಒಂದೆರಡು ಮಾತು. ಹಿತ್ತಾಳೆಯ ಕೇಸು, ಪೆಟ್ಟು ಬಿದ್ದಾಗ ಕಿಡಿ ಹೊತ್ತಿಸುವ ಪ್ರೈಮರ್, ಮದ್ದು, ಗುಂಡು ಈ ನಾಲ್ಕೂ ಸೇರಿದರೆ ತೋಟಾ. ಅದರಲ್ಲಿ ನಳಿಗೆಯಿಂದ ಹೊರಬೀಳುವ ಭಾಗ ಮಾತ್ರ ಗುಂಡು. ಹೆಸರಿನಲ್ಲಿರುವ .308, .243 ಮುಂತಾದ ಸಂಖ್ಯೆ, ಅಂದರೆ ಕ್ಯಾಲಿಬರ್, ಗುಂಡಿನ ವ್ಯಾಸವನ್ನು ಹೆಚ್ಚುಕಡಿಮೆ ಅಂಗುಲದಲ್ಲಿ ಹೇಳುತ್ತದೆ. ತೂಕವನ್ನು ಗ್ರೇನ್‌ಗಳಲ್ಲಿ ಹೇಳುತ್ತಾರೆ. ಒಂದು ಪೌಂಡ್‌ಗೆ 7,000 ಗ್ರೇನ್, ಒಂದು ಗ್ರಾಂಗೆ ಸುಮಾರು ಹದಿನೈದೂವರೆ. ನಮ್ಮ ಅಕ್ಕಸಾಲಿಗರ ಒಂದು ಗುಲಗಂಜಿ ತೂಕ ಹೆಚ್ಚುಕಡಿಮೆ ಎರಡು ಗ್ರೇನ್‌ನಷ್ಟು. ಯಾವ ತೋಟಾಕ್ಕೆ ಎಷ್ಟು ಗ್ರೇನ್ ಮದ್ದು ಎಂಬುದನ್ನು ಈ ಅಂಕಣದಲ್ಲಿ ಅಚ್ಚು ಮಾಡುವುದಿಲ್ಲ. ಅದನ್ನು ಮದ್ದಿನ ಅಥವಾ ಗುಂಡಿನ ತಯಾರಕರು ಪ್ರಕಟಿಸುವ ಕೈಪಿಡಿಯಲ್ಲಿಯೇ ನೋಡಬೇಕು. ಅಲ್ಲಿಯ ಅಂಕಿಗಳು ಒತ್ತಡವನ್ನು ಅಳೆದು ಕೊಟ್ಟವು, ಇಲ್ಲಿ ಒಂದು ಅಂಕಿ ಅಚ್ಚಿನಲ್ಲಿ ತಪ್ಪಿದರೆ ಯಾರದೋ ಕಣ್ಣು ಹೋದೀತು.

ಪ್ರಶ್ನೆ: ನನ್ನ ಬಳಿ .308 ವಿಂಚೆಸ್ಟರ್ ರೈಫಲ್ ಇದೆ. ಈ ವರ್ಷ ಹೆಂಡತಿ ಮತ್ತು ಹದಿನೈದು ವರ್ಷದ ಮಗಳು ತಾವೂ ಬೇಟೆಗೆ ಬರುತ್ತೇವೆ ಎನ್ನುತ್ತಿದ್ದಾರೆ, ಆದರೆ 150 ಗ್ರೇನ್ ತೋಟಾದ ಒದೆತಕ್ಕೆ ಇಬ್ಬರೂ ಹೆದರುತ್ತಾರೆ. 110 ಗ್ರೇನ್ ಗುಂಡು ಹಾಕಿ ನೀನೇ ತುಂಬಿಕೊಡು, ಒದೆತ ತಗ್ಗುತ್ತದೆ ಎಂದು ನೆರೆಮನೆಯವರು ಸಲಹೆ ಕೊಟ್ಟಿದ್ದಾರೆ. ಇದು ನಿಜವೇ? ಅಷ್ಟು ಹಗುರ ಗುಂಡು ಬಿಳಿಬಾಲದ ಜಿಂಕೆಗೆ ಸಾಕೇ?
(ಟೆಕ್ಸಸ್‌ನ ಓದುಗರು)

ಉತ್ತರ: ನಿಮ್ಮ ನೆರೆಯವರು ಹೇಳಿದ್ದು ಅರ್ಧ ನಿಜ. ಗುಂಡು ಹಗುರವಾದ ಮಾತ್ರಕ್ಕೆ ಒದೆತ ತಗ್ಗುವುದಿಲ್ಲ. ಭುಜಕ್ಕೆ ಬೀಳುವ ಪೆಟ್ಟು ಗುಂಡಿನ ತೂಕ, ಅದರ ವೇಗ, ಉರಿದು ಅನಿಲವಾಗಿ ಹೊರನುಗ್ಗುವ ಮದ್ದಿನ ತೂಕ ಮತ್ತು ಬಂದೂಕಿನ ಸ್ವಂತ ತೂಕ ಇವೆಲ್ಲದರ ಮೇಲೆ ನಿಂತಿದೆ. ಏಳೂವರೆ ಪೌಂಡ್ ತೂಕದ .308 ರೈಫಲ್‌ನಿಂದ 150 ಗ್ರೇನ್ ಗುಂಡನ್ನು ಸೆಕೆಂಡಿಗೆ 2,800 ಅಡಿ ವೇಗದಲ್ಲಿ ಹಾರಿಸಿದರೆ ಒದೆತದ ಶಕ್ತಿ ಸುಮಾರು 17 ಅಡಿ-ಪೌಂಡ್ (ಒಂದು ಪೌಂಡ್ ತೂಕವನ್ನು ಒಂದು ಅಡಿ ಎತ್ತಲು ಬೇಕಾದ ಶಕ್ತಿ ಒಂದು ಅಡಿ-ಪೌಂಡ್) ಎಂದು ಲೆಕ್ಕ ಬರುತ್ತದೆ. ಅದೇ ರೈಫಲ್‌ನಲ್ಲಿ 130 ಗ್ರೇನ್ ಗುಂಡನ್ನು ಪೂರ್ತಿ ಮದ್ದು ಹಾಕಿ 3,000 ಅಡಿ ವೇಗಕ್ಕೆ ದೂಡಿದರೆ ಅದು 16ಕ್ಕೆ ಇಳಿಯುತ್ತದೆ, ಅಷ್ಟೇ. ಈ ವ್ಯತ್ಯಾಸ ಭುಜಕ್ಕೆ ತಿಳಿಯುವುದೂ ಕಷ್ಟ. 110 ಗ್ರೇನ್ ಗುಂಡನ್ನು ಮದ್ದು ತಗ್ಗಿಸಿ 2,400 ಅಡಿ ವೇಗದಲ್ಲಿ ಹಾರಿಸಿದಾಗ ಮಾತ್ರ ಒದೆತ ಏಳೆಂಟು ಅಡಿ-ಪೌಂಡ್‌ಗೆ, ಅಂದರೆ ಅರ್ಧಕ್ಕಿಂತ ಕೆಳಗೆ ಬರುತ್ತದೆ. ಹಗುರ ಗುಂಡು ಮತ್ತು ಮಿತವಾದ ವೇಗ ಎರಡೂ ಜೊತೆಯಾಗಬೇಕು. ಅಂಗಡಿಯಲ್ಲಿ ಅಂಥ ತೋಟಾ ಎಲ್ಲ ಅಳತೆಗಳಲ್ಲೂ ಸಿಗುವುದಿಲ್ಲವಾದ್ದರಿಂದಲೇ ಕೈಯಾರೆ ತುಂಬುವ ಪ್ರಶ್ನೆ ಬರುತ್ತದೆ.

ವೇಗ ತಗ್ಗಿಸಿದ ಮೇಲೆ ದೂರವನ್ನೂ ತಗ್ಗಿಸಲೇಬೇಕು. 2,400 ಅಡಿ ವೇಗದಲ್ಲಿ ಹೊರಟ 110 ಗ್ರೇನ್ ಮೊನೆಗುಂಡು 100 ಗಜ ದಾಟುವಾಗ ಸುಮಾರು 2,100 ಅಡಿ ವೇಗದಲ್ಲಿ ಇರುತ್ತದೆ ಮತ್ತು ಅದರ ಶಕ್ತಿ ಸುಮಾರು 1,100 ಅಡಿ-ಪೌಂಡ್ ಇರುತ್ತದೆ. 200 ಗಜಕ್ಕೆ ವೇಗ 1,900ರ ಆಸುಪಾಸಿಗೆ ಕುಸಿಯುತ್ತದೆ. ತಾಮ್ರದ ಬೇಟೆಗುಂಡುಗಳಲ್ಲಿ ಅನೇಕವು ಚೆನ್ನಾಗಿ ಅರಳಲು, ಅಂದರೆ ತಾಗಿದಾಗ ಮೂತಿ ಬಿಚ್ಚಿ ಅಗಲವಾಗಲು, 1,800ರಿಂದ 2,000 ಅಡಿ ವೇಗವನ್ನು ಕೇಳುತ್ತವೆ. ಆದ್ದರಿಂದ ಇಂಥ ತೋಟಾದ ಮಿತಿ 125, ಹೆಚ್ಚೆಂದರೆ 150 ಗಜ ಎಂದು ಇಟ್ಟುಕೊಳ್ಳಿ. ಟೆಕ್ಸಸ್‌ನಲ್ಲಿ ಮೇವು ಹಾಕಿದ ಜಾಗದ ಎದುರು ಮರೆಯಲ್ಲಿ ಕುಳಿತು ಹೊಡೆಯುವವರಿಗೆ ಅಷ್ಟು ದೂರ ಸಾಮಾನ್ಯವಾಗಿ ಸಾಕು.

ಇನ್ನು ಗುಂಡು ಸಾಕೇ ಎಂಬ ಮಾತು. ಇಲ್ಲಿ ತೂಕ ನೋಡಿ ತೀರ್ಮಾನಿಸಿದರೆ ಕೆಡುತ್ತೀರಿ. ಅಂಗಡಿಯ ಕಪಾಟಿನಲ್ಲಿ .308 ವ್ಯಾಸದ 110 ಗ್ರೇನ್ ಗುಂಡುಗಳು ಕನಿಷ್ಠ ಮೂರು ಜಾತಿಯವು ಅಕ್ಕಪಕ್ಕದಲ್ಲೇ ಕೂತಿರುತ್ತವೆ. ಒಂದು ಎರಡನೆಯ ಮಹಾಯುದ್ಧ ಕಾಲದ ಎಂ1 ಕಾರ್ಬೈನ್‌ಗಾಗಿ ರೂಪಿಸಿದ ದುಂಡುಮೂತಿಯ ಗುಂಡು. ಆ ಬಂದೂಕಿನ ವೇಗ 2,000 ಅಡಿಗಿಂತ ತುಸು ಕಡಿಮೆ. ಇನ್ನೊಂದು ನೆಲದಲ್ಲಿ ಬಿಲ ತೋಡುವ ಅಳಿಲಿನಂಥ ಸಣ್ಣ ಪ್ರಾಣಿಗಳಿಗೆಂದು ಮಾಡಿದ್ದು. ತಾಗಿದ ಕ್ಷಣ ಪುಡಿಯಾಗುವುದೇ ಅದರ ಗುಣ. ಮೂರನೆಯದು ಪೂರ್ತಿ ತಾಮ್ರದಿಂದ ಮಾಡಿದ ಬೇಟೆಗುಂಡು. ಅದು ಮೂತಿಯಲ್ಲಿ ದಳಗಳಾಗಿ ಬಿಚ್ಚಿಕೊಂಡು, ತನ್ನ ತೂಕವನ್ನು ಬಹುಮಟ್ಟಿಗೆ ಉಳಿಸಿಕೊಂಡೇ ಒಳಗೆ ಸಾಗುತ್ತದೆ. ಮೂರೂ 110 ಗ್ರೇನ್, ಮೂರರ ಡಬ್ಬಿಯೂ ಒಂದೇ ಗಾತ್ರ. ಜಿಂಕೆಗೆ ಬೇಕಾದದ್ದು ಮೂರನೆಯದು ಮಾತ್ರ. ಅದರಲ್ಲಿಯೂ .300 ಬ್ಲ್ಯಾಕ್‌ಔಟ್ ಎಂಬ ಚಿಕ್ಕ ತೋಟಾಕ್ಕೆಂದು ತಯಾರಾದ ಗುಂಡುಗಳು ಕಡಿಮೆ ವೇಗದಲ್ಲೂ ಅರಳುವಂತೆ ಇರುವುದರಿಂದ ನೀವು ಹೇಳುವ ಉದ್ದೇಶಕ್ಕೆ ಅವು ಹೆಚ್ಚು ಹೊಂದುತ್ತವೆ.

ಮದ್ದನ್ನು ತಗ್ಗಿಸುವುದು ಕೈಗೆ ಬಂದಷ್ಟು ಕಡಿಮೆ ಹಾಕುವ ಕೆಲಸವಲ್ಲ. ನಿಧಾನವಾಗಿ ಉರಿಯುವ ಮದ್ದನ್ನು ಕೈಪಿಡಿಯ ಕನಿಷ್ಠ ಮಿತಿಗಿಂತ ಕೆಳಗಿಳಿಸಿದರೆ ಗುಂಡು ನಳಿಗೆಯಲ್ಲೇ ಸಿಕ್ಕಿಕೊಳ್ಳಬಹುದು ಅಥವಾ ಒತ್ತಡ ದಿಢೀರನೆ ಏರಿ ಬಂದೂಕು ಒಡೆಯಬಹುದು. ಕಡಿಮೆ ಮದ್ದಿನಿಂದ ಹೆಚ್ಚು ಒತ್ತಡ ಹೇಗೆ ಎಂದು ಹೊಸಬರು ನಗುತ್ತಾರೆ, ಆದರೆ ಅಂಥ ಅಪಘಾತಗಳು ಬಹುಕಾಲದಿಂದ ದಾಖಲಾಗಿವೆ. ತಗ್ಗಿಸಲು ತಕ್ಕ ಮದ್ದುಗಳೇ ಬೇರೆ ಇವೆ. ಹಾಡ್ಜ್‌ಡನ್ ಕಂಪನಿಯು ತನ್ನ ಎಚ್ 4895 ಮದ್ದನ್ನು ಕೈಪಿಡಿಯ ಪಟ್ಟಿಯ ಗರಿಷ್ಠ ಪ್ರಮಾಣದ ಶೇಕಡಾ 60ರಷ್ಟಕ್ಕೆ ಇಳಿಸಬಹುದು, ಅದಕ್ಕಿಂತ ಕೆಳಗಲ್ಲ ಎಂದು ತಾನೇ ಹೇಳಿದೆ. ಎಳೆಯರಿಗಾಗಿ ತೋಟಾ ತುಂಬುವವರು ಹೆಚ್ಚಾಗಿ ಅದನ್ನು ಹಿಡಿಯುವುದು ಇದೇ ಕಾರಣಕ್ಕೆ. ಹಾಗೆ ಇಳಿಸುವಾಗಲೂ ಗುಂಡು ಅರಳುವಷ್ಟು ವೇಗ ಉಳಿದಿದೆಯೇ ಎಂದು ವೇಗಮಾಪಕ ಯಂತ್ರವಾದ ಕ್ರೋನೋಗ್ರಾಫ್ ಇಟ್ಟು ಅಳೆಯಿರಿ.

ತೋಟಾಕ್ಕೆ ಕೈಹಾಕುವ ಮುನ್ನ ಇನ್ನೊಂದನ್ನು ನೋಡಿ. ನಿಮ್ಮ ತೋಳಿಗೆ ಹೊಂದುವ ರೈಫಲ್‌ನ ದಿಮ್ಮಿ, ಅಂದರೆ ಭುಜಕ್ಕೆ ಊರುವ ಹಿಂಭಾಗ, ನಿಮ್ಮ ಮಗಳಿಗೆ ಉದ್ದವಾಗಿರುತ್ತದೆ. ಉದ್ದವಾದ ದಿಮ್ಮಿ ಭುಜದ ಗುಂಡಿಯಲ್ಲಿ ಕೂರದೆ ತೋಳಿನ ಮೇಲೆ ಕೂರುತ್ತದೆ, ಒದೆತ ದುಪ್ಪಟ್ಟಾದಂತೆ ಅನಿಸುತ್ತದೆ. ಅದನ್ನು ಗಿಡ್ಡ ಮಾಡಿಸಿ, ಒಳ್ಳೆಯ ರಬ್ಬರ್ ಪ್ಯಾಡ್ ಹಾಕಿಸಿ. ನಳಿಗೆಯ ತುದಿಗೆ ಅನಿಲವನ್ನು ಪಕ್ಕಕ್ಕೆ ತಿರುಗಿಸುವ ಬ್ರೇಕ್ ಹಾಕಿಸುವ ಸಲಹೆಯನ್ನು ನಾನು ಕೊಡುವುದಿಲ್ಲ. ಅದು ಒದೆತವನ್ನು ಇಳಿಸುವುದು ನಿಜ, ಆದರೆ ಸದ್ದನ್ನು ಹೊಡೆಯುವವರ ಕಿವಿಯ ಕಡೆಗೇ ತಿರುಗಿಸುತ್ತದೆ. ಕುದುರೆ ಎಳೆಯುವ ಮೊದಲೇ ಕಣ್ಣು ಮುಚ್ಚಿ ಭುಜ ಹಿಂದಕ್ಕೆ ಸೆಳೆಯುವ ಚಾಳಿ ಒದೆತದಿಂದ ಬರುವಷ್ಟೇ ಸದ್ದಿನಿಂದಲೂ ಬರುತ್ತದೆ. ಟೆಕ್ಸಸ್‌ನಲ್ಲಿ 1971ರ ಸೆಪ್ಟೆಂಬರ್ 2ರಂದು ಅಥವಾ ಆ ಬಳಿಕ ಹುಟ್ಟಿದ ಬೇಟೆಗಾರರಿಗೆ ಬೇಟೆ ಶಿಕ್ಷಣದ ನಿಯಮ ಅನ್ವಯಿಸುವುದರಿಂದ ಮನೆಯವರಿಬ್ಬರನ್ನೂ ಆ ತರಗತಿಗೆ ಈಗಲೇ ಸೇರಿಸಿ.

ಪ್ರಶ್ನೆ: .243 ರೈಫಲ್ ಕೊಂಡಿದ್ದೇನೆ. 58 ಗ್ರೇನ್ ಗುಂಡುಗಳ ಡಬ್ಬಿ ಅಗ್ಗಕ್ಕೆ ಸಿಕ್ಕಿತು. ಬಹಳ ವೇಗವಾಗಿ ಹೋಗುತ್ತದೆ, ಗುರಿಯೂ ಚೆನ್ನಾಗಿದೆ. ಇದರಿಂದಲೇ ಮ್ಯೂಲ್ ಜಿಂಕೆಯನ್ನು ಹೊಡೆಯಬಹುದೇ?
(ಕೊಲರಾಡೊದ ಓದುಗರು)

ಉತ್ತರ: ಹೊಡೆಯಬಾರದು. ಮೊದಲನೆಯದಾಗಿ ನಿಮ್ಮ ರಾಜ್ಯದ ಕಾನೂನೇ ಒಪ್ಪುವುದಿಲ್ಲ. ಕೊಲರಾಡೊದಲ್ಲಿ ಜಿಂಕೆಗೆ ಬಳಸುವ ರೈಫಲ್ .24 ಕ್ಯಾಲಿಬರ್‌ಗಿಂತ ಸಣ್ಣದಿರಬಾರದು, ಗುಂಡು ಅರಳುವಂಥದ್ದಾಗಿ ಕನಿಷ್ಠ 70 ಗ್ರೇನ್ ತೂಗಬೇಕು, 100 ಗಜದಲ್ಲಿ ಕನಿಷ್ಠ 1,000 ಅಡಿ-ಪೌಂಡ್ ಶಕ್ತಿ ಉಳಿದಿರಬೇಕು. ವರ್ಜೀನಿಯಾದಂಥ ಇನ್ನು ಕೆಲವು ರಾಜ್ಯಗಳು ಕ್ಯಾಲಿಬರ್‌ಗೆ ಮಾತ್ರ ಗೆರೆ ಎಳೆದಿವೆ, ಅಲ್ಲಿ ಅದು .23. ಆಯಾ ವರ್ಷದ ನಿಯಮ ಪುಸ್ತಿಕೆಯನ್ನು ನೋಡದೆ ಹೊರಡಬೇಡಿ.

ಕಾನೂನು ಬದಿಗಿರಲಿ, ಆ 58 ಗ್ರೇನ್ ಗುಂಡಿನ ಹೊಟ್ಟೆಯೊಳಗೆ ಏನಿದೆ ಎಂದು ತಿಳಿದರೆ ನೀವೇ ಅದನ್ನು ಬದಿಗಿಡುತ್ತೀರಿ. ಸಣ್ಣ ಪ್ರಾಣಿಗಳಿಗೆಂದು ಮಾಡಿದ ಗುಂಡಿನ ತಾಮ್ರದ ಹೊದಿಕೆ ತೀರ ತೆಳುವು, ಒಳಗಿನ ಸೀಸ ಮೃದು, ಮೂತಿಯಲ್ಲಿ ಪ್ಲಾಸ್ಟಿಕ್ ಚುಚ್ಚು. ಸೆಕೆಂಡಿಗೆ ಮೂರೂವರೆ ಸಾವಿರ ಅಡಿಗೂ ಮೀರಿದ ವೇಗದಲ್ಲಿ ಅದು ಜಿಂಕೆಯ ಹೆಗಲ ಮೂಳೆಗೆ ತಾಗಿದರೆ ಎರಡು ಮೂರು ಅಂಗುಲದೊಳಗೇ ಚೂರುಚೂರಾಗಿ, ಹೊರಗೆ ಅಂಗೈಯಗಲದ ಗಾಯ ಮಾಡಿ, ಶ್ವಾಸಕೋಶವನ್ನು ಮುಟ್ಟದೆ ನಿಲ್ಲುವ ಸಂಭವವಿದೆ. ಪ್ರಾಣಿ ಓಡಿಹೋಗಿ ಯಾವುದೋ ಪೊದೆಯಲ್ಲಿ ದಿನಗಟ್ಟಲೆ ನರಳಿ ಸಾಯುತ್ತದೆ. ಅದೇ ಗುಂಡು ಪಕ್ಕೆಲುಬುಗಳ ನಡುವೆ ಸರಿಯಾಗಿ ನುಸುಳಿದರೆ ಜಿಂಕೆ ನಿಂತಲ್ಲೇ ಕುಸಿಯುವುದೂ ಉಂಟು; ಒಂದು ಸಲ ಹಾಗಾದದ್ದನ್ನು ನೋಡಿದವರೇ ಈ ಗುಂಡುಗಳನ್ನು ಹೊಗಳುತ್ತ ತಿರುಗುವುದು.

.243ರಲ್ಲಿ ಗುಂಡಿನ ತೂಕದ ವಾದ ಆ ತೋಟಾದಷ್ಟೇ ಹಳೆಯದು. 1955ರಲ್ಲಿ ವಿಂಚೆಸ್ಟರ್ ಕಂಪನಿ .243 ಅನ್ನೂ ರೆಮಿಂಗ್ಟನ್ ಕಂಪನಿ .244 ಅನ್ನೂ ಮಾರುಕಟ್ಟೆಗೆ ತಂದವು. ಎರಡರ ಗುಂಡಿನ ವ್ಯಾಸವೂ ಒಂದೇ, ಕೇಸಿನಲ್ಲಿ ಮದ್ದು ಹಿಡಿಯುವ ಜಾಗ ರೆಮಿಂಗ್ಟನ್‌ದೇ ತುಸು ಹೆಚ್ಚು. ಆದರೆ ರೆಮಿಂಗ್ಟನ್‌ನವರು ತಮ್ಮದು ಹಗುರ ಗುಂಡಿನ, ಸಣ್ಣ ಪ್ರಾಣಿಗಳ ತೋಟಾ ಎಂದು ಭಾವಿಸಿ ಗುಂಡನ್ನು ತಿರುಗಿಸುವ ನಳಿಗೆಯ ಒಳಗೆರೆಗಳ ಸುತ್ತನ್ನು 12 ಅಂಗುಲಕ್ಕೆ ಒಂದರಂತೆ ಕೊರೆದರು. ವಿಂಚೆಸ್ಟರ್‌ನವರು 10 ಅಂಗುಲಕ್ಕೆ ಒಂದು ಸುತ್ತು ಕೊಟ್ಟರು. ಉದ್ದವಾದ 100 ಗ್ರೇನ್ ಗುಂಡು ವಿಂಚೆಸ್ಟರ್‌ನಲ್ಲಿ ನೆಟ್ಟಗೆ ಹಾರಿತು, ರೆಮಿಂಗ್ಟನ್‌ನಲ್ಲಿ ಅದನ್ನು ನಂಬುವಂತಿರಲಿಲ್ಲ. ಒಂದೇ ರೈಫಲ್‌ನಲ್ಲಿ ಸಣ್ಣ ಪ್ರಾಣಿಯನ್ನೂ ಜಿಂಕೆಯನ್ನೂ ಹೊಡೆಯಬೇಕೆಂದವರು .243ನ ಕಡೆಗೆ ಹೋದರು. 1963ರಲ್ಲಿ ರೆಮಿಂಗ್ಟನ್ ಕಂಪನಿ ಅದೇ ಕೇಸಿಗೆ 6 ಮಿಲಿಮೀಟರ್ ರೆಮಿಂಗ್ಟನ್ ಎಂದು ಹೆಸರು ಬದಲಿಸಿ, ಸುತ್ತನ್ನು 9 ಅಂಗುಲಕ್ಕೆ ಬಿಗಿ ಮಾಡಿದರೂ ಕಳೆದ ಮಾರುಕಟ್ಟೆ ಮರಳಲಿಲ್ಲ.

ನಿಮ್ಮ ರೈಫಲ್‌ಗೆ 80ರಿಂದ 85 ಗ್ರೇನ್‌ನ ತಾಮ್ರದ ಗುಂಡನ್ನೋ, 95ರಿಂದ 100 ಗ್ರೇನ್‌ನ ಗಟ್ಟಿ ಹೊದಿಕೆಯ ಸೀಸದ ಗುಂಡನ್ನೋ ಆರಿಸಿಕೊಳ್ಳಿ. ನಾಸ್ಲರ್ ಕಂಪನಿಯ ಪಾರ್ಟಿಷನ್ ಗುಂಡು ಈ ವರ್ಗದಲ್ಲಿ ಹಳೆಯ ಹೆಸರು. ಕೆನಡಾದಲ್ಲಿ ಕೆಸರು ಮೆತ್ತಿದ ಮೂಸ್ ಪ್ರಾಣಿಯ ಹೆಗಲಿಗೆ ತನ್ನ ಗುಂಡುಗಳು ತಾಗಿಯೂ ಒಳಹೊಗದ್ದನ್ನು ಕಂಡ ಜಾನ್ ನಾಸ್ಲರ್ 1940ರ ದಶಕದಲ್ಲಿ ಅದನ್ನು ರೂಪಿಸಿದರು. ಗುಂಡಿನ ನಡುವೆ ತಾಮ್ರದ ಅಡ್ಡಗೋಡೆ ಇದ್ದು, ಮುಂದಿನ ಸೀಸ ಒಡೆದರೂ ಹಿಂದಿನ ಅರ್ಧ ಇಡಿಯಾಗಿ ಉಳಿದು ಮುಂದೆ ಸಾಗುತ್ತದೆ. 58 ಗ್ರೇನ್ ಗುಂಡುಗಳು ಗುರಿ ಅಭ್ಯಾಸಕ್ಕೆ ಬಂದಾವು, ಬಿಸಾಡಬೇಡಿ.

ಪ್ರಶ್ನೆ: ನಮ್ಮ ರಾಜ್ಯದಲ್ಲಿ ಸೀಸದ ಗುಂಡು ನಿಷೇಧವಾಗಿದೆ. ತಾಮ್ರದ ಗುಂಡಿಗೆ ಹಳೆಯ ಸೀಸದ ಗುಂಡಿನ ಮದ್ದಿನ ಪಟ್ಟಿಯನ್ನೇ ಬಳಸಬಹುದೇ? ತೂಕ ಒಂದೇ ಆದರೂ ತಾಮ್ರದ್ದು ಉದ್ದವಾಗಿ ಕಾಣುತ್ತದೆ, ಯಾಕೆ?
(ಕ್ಯಾಲಿಫೋರ್ನಿಯಾದ ಓದುಗರು)

ಉತ್ತರ: ಹಳೆಯ ಪಟ್ಟಿ ಬೇಡವೇ ಬೇಡ. ಸೀಸದ ಸಾಂದ್ರತೆ 11.3, ತಾಮ್ರದ್ದು 9ಕ್ಕೂ ತುಸು ಕಡಿಮೆ. ವ್ಯಾಸ ಮತ್ತು ತೂಕ ಎರಡೂ ಒಂದೇ ಇರಬೇಕಾದರೆ ತಾಮ್ರದ ಗುಂಡು ಉದ್ದ ಬೆಳೆಯಲೇಬೇಕು. ಉದ್ದ ಗುಂಡು ಕೇಸಿನೊಳಗೆ ಹೆಚ್ಚು ಜಾಗ ತಿನ್ನುತ್ತದೆ, ಮದ್ದಿಗೆ ಉಳಿಯುವ ಜಾಗ ಕಿರಿದಾಗುತ್ತದೆ. ಜೊತೆಗೆ ಗಟ್ಟಿ ತಾಮ್ರ ನಳಿಗೆಯ ಗೆರೆಗಳಲ್ಲಿ ಕಚ್ಚಿಕೊಳ್ಳುವ ರೀತಿಯೂ ಬೇರೆ. ಹೀಗಾಗಿ ಅದೇ ಪ್ರಮಾಣದ ಮದ್ದು ಬೇರೆಯೇ ಒತ್ತಡ ಕೊಡುತ್ತದೆ. ಆ ಗುಂಡಿನ ತಯಾರಕರೇ ಕೊಟ್ಟ ಪಟ್ಟಿಯ ಆರಂಭಿಕ ಪ್ರಮಾಣದಿಂದ ತೊಡಗಿ ಸ್ವಲ್ಪಸ್ವಲ್ಪವೇ ಏರಿಸಿ. ಹಳೆಯ ತಾಮ್ರದ ಗುಂಡುಗಳ ಮೈ ನುಣುಪಾಗಿತ್ತು, ನಳಿಗೆಯಲ್ಲಿ ತಾಮ್ರ ಮೆತ್ತುತ್ತದೆಂಬ ದೂರು ಇತ್ತು. ಈಗಿನವುಗಳ ಮೈಮೇಲೆ ಸುತ್ತ ಗೆರೆ ಕೊರೆದಿರುವುದು ಆ ಉಜ್ಜಾಟವನ್ನೂ ಒತ್ತಡವನ್ನೂ ತಗ್ಗಿಸಲು. ಗುಂಡನ್ನು ಕೇಸಿನಲ್ಲಿ ಕೂರಿಸುವಾಗ ಅದರ ಮೈ ನಳಿಗೆಯ ಗೆರೆಗಳಿಗೆ ತಾಗಿಕೊಂಡಿರದೆ ಹಿಂದೆ ಸರಿದಿರಬೇಕು. ಬಾರ್ನ್ಸ್ ಕಂಪನಿ ತನ್ನ ಗುಂಡುಗಳಿಗೆ ಒಂದು ಅಂಗುಲದ ನೂರರಲ್ಲಿ ಐದು ಭಾಗದಷ್ಟು ಅಂತರದಿಂದ ಆರಂಭಿಸಲು ಹೇಳುತ್ತದೆ.

ಗುಂಡು ಉದ್ದವಾದಷ್ಟೂ ಅದನ್ನು ಗಾಳಿಯಲ್ಲಿ ನೆಟ್ಟಗೆ ನಿಲ್ಲಿಸಲು ನಳಿಗೆಯ ಸುತ್ತು ಬಿಗಿಯಾಗಿರಬೇಕು ಎಂಬುದನ್ನು ಬ್ರಿಟಿಷ್ ಗಣಿತಜ್ಞ ಗ್ರೀನ್‌ಹಿಲ್ 1879ರಲ್ಲೇ ಸೂತ್ರವಾಗಿ ಕೊಟ್ಟಿದ್ದಾರೆ. ಮೇಲೆ ಹೇಳಿದ .244ರ ಕಥೆ ಇದೇ ಸೂತ್ರದ ಉದಾಹರಣೆ. ತಾಮ್ರಕ್ಕೆ ಬದಲಾಗುವವರು ಒಂದು ಮೆಟ್ಟಿಲು ಹಗುರವಾದದ್ದನ್ನು ಆರಿಸುವುದು ಇದರಿಂದಲೇ. .308ರಲ್ಲಿ 165 ಗ್ರೇನ್ ಸೀಸದ ಗುಂಡು ಬಳಸುತ್ತಿದ್ದವರು 130 ಅಥವಾ 150 ಗ್ರೇನ್ ತಾಮ್ರದ್ದನ್ನು ಹಿಡಿಯುತ್ತಾರೆ. ಸೀಸದ ಗುಂಡು ದೇಹದೊಳಗೆ ಚೂರುಗಳಾಗಿ ಉದುರಿ ತೂಕ ಕಳೆದುಕೊಳ್ಳುತ್ತದೆ, ತಾಮ್ರದ್ದು ಬಹುಪಾಲು ಉಳಿಸಿಕೊಳ್ಳುತ್ತದೆ. ಆದ್ದರಿಂದ ಹಗುರ ಗುಂಡೂ ಆಳಕ್ಕೆ ಹೋಗುತ್ತದೆ. ಹಗುರ ಗುಂಡಿನ ಬಗ್ಗೆ ಹಳೆಯ ಬೇಟೆಗಾರರಿಗೆ ಇದ್ದ ಅಪನಂಬಿಕೆ ಅವರ ಕಾಲದ ಸೀಸದ ಗುಂಡಿನ ಮಟ್ಟಿಗೆ ಸರಿಯಾಗಿಯೇ ಇತ್ತು.

ನಿಮ್ಮ ರಾಜ್ಯದ ಕಾನೂನು 2013ರಲ್ಲಿ ಅಂಗೀಕಾರವಾಗಿ 2019ರ ಜುಲೈ 1ರಿಂದ ಎಲ್ಲ ಬೇಟೆಗೂ ಜಾರಿಯಾಯಿತು. ಅದರ ಹಿಂದೆ ಕಾಂಡರ್ ಎಂಬ ದೊಡ್ಡ ರಣಹದ್ದು ಇದೆ. ಕಾಡಿನಲ್ಲಿ ಉಳಿದಿದ್ದ ಕೊನೆಯ ಕಾಂಡರ್‌ಗಳನ್ನು 1987ರ ಹೊತ್ತಿಗೆ ಹಿಡಿದು ತಂದು, ಸಾಕಿ ಮರಿ ಮಾಡಿಸಿ ಮತ್ತೆ ಬಿಟ್ಟರೆ, ಬೇಟೆಗಾರರು ಬಿಟ್ಟುಹೋದ ಕರುಳು ಮಾಂಸದಲ್ಲಿನ ಸೀಸದ ಚೂರು ತಿಂದು ಅವು ಸಾಯತೊಡಗಿದವು. ಇದು ಹದ್ದುಗಳ ವಿಷಯ ಮಾತ್ರವೂ ಅಲ್ಲ. 2008ರಲ್ಲಿ ನಾರ್ತ್ ಡಕೋಟಾ ರಾಜ್ಯದಲ್ಲಿ ಬಡವರಿಗೆ ಹಂಚಲು ದಾನವಾಗಿ ಬಂದಿದ್ದ ಕೊಚ್ಚಿದ ಜಿಂಕೆ ಮಾಂಸದಲ್ಲಿ ಸೀಸದ ಚೂರುಗಳು ಕಂಡುಬಂದು ಅದನ್ನು ಬಿಸಾಡುವಂತೆ ಅಧಿಕಾರಿಗಳು ಹೇಳಬೇಕಾಯಿತು. ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಕಾನೂನು ಇಲ್ಲದ ರಾಜ್ಯದಲ್ಲಿಯೂ ತಾಮ್ರವನ್ನೇ ಬಳಸುವುದು ಮೇಲು.

ಪ್ರಶ್ನೆ: ತೋಟಾ ತುಂಬುವುದನ್ನು ಹೊಸದಾಗಿ ಕಲಿಯುತ್ತಿದ್ದೇನೆ. ಎಲ್ಲಿ ಹೆಚ್ಚು ಎಚ್ಚರ ಬೇಕು? ಮನೆಯಲ್ಲಿ ಎಷ್ಟು ಮದ್ದು ಇಟ್ಟುಕೊಳ್ಳಬಹುದು?
(ಪೆನ್ಸಿಲ್ವೇನಿಯಾದ ಓದುಗರು)

ಉತ್ತರ: ಕೆಲಸದ ಕ್ರಮ ಎಲ್ಲ ಕೈಪಿಡಿಗಳಲ್ಲಿ ಇದೆ: ಹಾರಿಸಿದ ಕೇಸನ್ನು ತೊಳೆದು, ಎಣ್ಣೆ ಸವರಿ, ಪ್ರೆಸ್ಸಿನ ಅಚ್ಚಿನಲ್ಲಿ ಮೂಲ ಅಳತೆಗೆ ಒತ್ತಿ, ಹಳೆಯ ಪ್ರೈಮರ್ ತೆಗೆದು, ಬೆಳೆದ ಕುತ್ತಿಗೆಯನ್ನು ಕತ್ತರಿಸಿ, ಹೊಸ ಪ್ರೈಮರ್ ಕೂರಿಸಿ, ಮದ್ದು ತೂಗಿ ಸುರಿದು, ಗುಂಡು ಕೂರಿಸುವುದು. ಇದರಲ್ಲಿ ಎರಡು ಜಾಗಗಳಲ್ಲಿ ನಿಲ್ಲಿ.

ಒಂದು, ಕೇಸಿನ ತಪಾಸಣೆ. ಪದೇಪದೇ ತುಂಬಿದ ಹಿತ್ತಾಳೆ ಬುಡಕ್ಕೆ ತುಸು ಮೇಲೆ, ಗೋಡೆ ತಳಕ್ಕೆ ಕೂಡುವಲ್ಲಿ ತೆಳುವಾಗುತ್ತದೆ. ಹೊರಗಿನಿಂದ ಅಲ್ಲಿ ಮಿರುಗುವ ಬಳೆಯಂಥ ಗೆರೆ ಕಾಣಬಹುದು, ಕಾಣದೆಯೂ ಇರಬಹುದು. ಪೇಪರ್ ಕ್ಲಿಪ್ಪಿನ ತಂತಿಯನ್ನು ನೇರ ಮಾಡಿ, ತುದಿಯನ್ನು ಕೊಕ್ಕೆಯಂತೆ ಅಡ್ಡ ಬಗ್ಗಿಸಿ ಚೂಪು ಮಾಡಿಕೊಳ್ಳಿ. ಅದನ್ನು ಕೇಸಿನ ತಳದವರೆಗೆ ಇಳಿಸಿ, ಒಳಗೋಡೆಗೆ ಒತ್ತಿಹಿಡಿದು ಮೆಲ್ಲಗೆ ಮೇಲಕ್ಕೆಳೆಯಿರಿ. ಕೊಕ್ಕೆ ಒಂದು ಕಡೆ ತಗ್ಗಿಗೆ ಬಿದ್ದು ತಡೆದರೆ ಆ ಕೇಸನ್ನು ಇಕ್ಕಳದಲ್ಲಿ ಹಿಸುಕಿ ಬಿಸಾಡಿ. ಹಿಸುಕದೆ ಬಿಸಾಡಿದ ಕೇಸು ಹೇಗೋ ಮತ್ತೆ ಡಬ್ಬಿಗೆ ಬಂದು ಸೇರುತ್ತದೆ.

ಇನ್ನೊಂದು, ಮದ್ದು ಸುರಿಯುವ ಹೊತ್ತು. ಮೇಜಿನ ಮೇಲೆ ಒಂದೇ ಮದ್ದಿನ ಡಬ್ಬಿ ಇರಬೇಕು, ಉಳಿದವು ಕಪಾಟಿನಲ್ಲಿ. ಹೆಸರಿನಲ್ಲಿ ಒಂದಂಕಿ ಮಾತ್ರ ಬೇರೆಯಿರುವ ಎರಡು ಮದ್ದುಗಳ ಉರಿಯುವ ವೇಗ ಪೂರ್ತಿ ಬೇರೆ ಇರಬಹುದು. ಐವತ್ತು ಕೇಸುಗಳನ್ನು ಹಲಗೆಯಲ್ಲಿ ನಿಲ್ಲಿಸಿ ಮದ್ದು ಸುರಿದಾದ ಮೇಲೆ, ಗುಂಡು ಕೂರಿಸುವ ಮೊದಲು, ಟಾರ್ಚ್ ಹಿಡಿದು ಒಂದೊಂದರ ಬಾಯೊಳಗೂ ನೋಡಿ. ಒಂದರಲ್ಲಿ ಮಟ್ಟ ಏರಿದ್ದರೂ ಇಳಿದಿದ್ದರೂ ಕಣ್ಣಿಗೆ ಹೊಡೆಯುತ್ತದೆ. ಈ ಹೊತ್ತಿನಲ್ಲಿ ಫೋನ್ ಎತ್ತಬೇಡಿ, ಯಾರಾದರೂ ಮಾತಿಗೆ ಕರೆದರೆ ಹೋಗಬೇಡಿ. ಕೆಲಸ ಮುಗಿದ ಮೇಲೆ ಸೋಪು ಹಾಕಿ ಕೈ ತೊಳೆದೇ ಊಟಕ್ಕೆ ಕೂರಬೇಕು. ಗುಂಡು ತಾಮ್ರದ್ದಾದರೂ ಸಾಮಾನ್ಯ ಪ್ರೈಮರ್‌ಗಳಲ್ಲಿ ಸೀಸದ ಸಂಯುಕ್ತ ಇದ್ದೇ ಇರುತ್ತದೆ.

ಅಮೆರಿಕದ ಅಗ್ನಿಸುರಕ್ಷಾ ಸಂಹಿತೆಯ ಪ್ರಕಾರ ಮನೆಯಲ್ಲಿ ಹೊಗೆರಹಿತ ಮದ್ದನ್ನು 20 ಪೌಂಡ್‌ವರೆಗೆ ತಯಾರಕರ ಮೂಲ ಡಬ್ಬಿಗಳಲ್ಲಿ ಇಡಬಹುದು. ಅದಕ್ಕೂ ಮೀರಿ 50 ಪೌಂಡ್‌ವರೆಗೆ ಇಡುವುದಾದರೆ ಒಂದು ಅಂಗುಲ ದಪ್ಪದ ಮರದ ಪೆಟ್ಟಿಗೆ ಬೇಕು. ಪ್ರೈಮರ್‌ಗಳ ಮಿತಿ 10,000. ಸ್ಥಳೀಯ ನಿಯಮ ಇದಕ್ಕಿಂತ ಬಿಗಿಯಿದ್ದರೆ ಅದೇ ಅನ್ವಯ. ಗಾಳಿಯಾಡದ ಕಬ್ಬಿಣದ ತಿಜೋರಿಯಲ್ಲಿ ಮದ್ದು ಇಡುವುದು ಬುದ್ಧಿವಂತಿಕೆಯಲ್ಲ. ಬಯಲಲ್ಲಿ ಬರೀ ಉರಿದುಹೋಗುವ ಮದ್ದು ಬಿಗಿಯಾದ ಪೆಟ್ಟಿಗೆಯೊಳಗೆ ಸಿಡಿಯುತ್ತದೆ.

ಪ್ರಶ್ನೆ: ನಾನು ಎಚ್-1ಬಿ ವೀಸಾದಲ್ಲಿದ್ದೇನೆ. ಗೆಳೆಯನ ಜೊತೆ ಬೇಟೆಗೆ ಹೋಗಬಹುದೇ? ತೋಟಾ ತುಂಬಿ ಇಟ್ಟುಕೊಳ್ಳಬಹುದೇ?
(ನಾರ್ತ್ ಕ್ಯಾರೊಲಿನಾದ ಓದುಗರು)

ಉತ್ತರ: ತಾತ್ಕಾಲಿಕ ವೀಸಾದಲ್ಲಿರುವವರು ಬಂದೂಕನ್ನಾಗಲಿ ತೋಟಾವನ್ನಾಗಲಿ ಹೊಂದುವುದನ್ನು ಅಲ್ಲಿಯ ಕೇಂದ್ರ ಕಾನೂನು ನಿಷೇಧಿಸುತ್ತದೆ. ಆದರೆ ಯಾವುದಾದರೂ ರಾಜ್ಯ ಕೊಟ್ಟ, ಚಾಲ್ತಿಯಲ್ಲಿರುವ ಬೇಟೆ ಪರವಾನಗಿ ಇದ್ದವರಿಗೆ ವಿನಾಯಿತಿ ಇದೆ. ಪರವಾನಗಿಯ ಅವಧಿ ಮುಗಿದರೆ ವಿನಾಯಿತಿಯೂ ಮುಗಿಯಿತು; ಕಪಾಟಿನಲ್ಲಿ ಉಳಿದ ಹತ್ತು ತೋಟಾ ಕೂಡ ಅಪರಾಧವಾಗಿ, ನಿಮ್ಮ ವಲಸೆ ಕಡತಕ್ಕೆ ಅಂಟಿಕೊಳ್ಳುತ್ತದೆ. ಗ್ರೀನ್ ಕಾರ್ಡ್ ಇದ್ದವರಿಗೆ ಈ ತೊಡಕಿಲ್ಲ. ಸ್ವಂತ ಬಳಕೆಗೆ ತೋಟಾ ತುಂಬಲು ಕೇಂದ್ರದ ಲೈಸೆನ್ಸ್ ಬೇಡ, ಮಾರಾಟಕ್ಕೆ ತುಂಬಲು ಬೇಕು. ನಿಮ್ಮ ಸ್ಥಿತಿಯಲ್ಲಿ ವಲಸೆ ವಕೀಲರನ್ನು ಒಮ್ಮೆ ಕೇಳದೆ ಮೇಜು, ಪ್ರೆಸ್ ಎಂದು ಹಣ ಸುರಿಯಬೇಡಿ.

ಪ್ರಶ್ನೆ: .243 ಹಗುರ ಗುಂಡಿನೊಂದಿಗೆ ಒಹಾಯೊದಲ್ಲಿ ಜಿಂಕೆ ಬೇಟೆಯಾಡಬಹುದೇ?
(ಒಹಾಯೊದ ಓದುಗರು)

ಉತ್ತರ: ಇಲ್ಲ. ಅಲ್ಲಿ ಜಿಂಕೆಗೆ ರೈಫಲ್ ಬಳಸುವುದಾದರೆ ಕೇಸು ಬಾಯಿಯ ಬಳಿ ಕಿರಿದಾಗದೆ ನೇರ ಗೋಡೆಯದಾಗಿದ್ದು, ಕ್ಯಾಲಿಬರ್ .357ರಿಂದ .50ರೊಳಗೆ ಇರಬೇಕು. ಒದೆತ ಕಡಿಮೆ ಬೇಕಿದ್ದರೆ .350 ಲೆಜೆಂಡ್ ಎಂಬ ತೋಟಾ ನೋಡಿ, ಹೆಸರಿನಲ್ಲಿ .350 ಇದ್ದರೂ ಅದು ಈ ಮಿತಿಯೊಳಗೇ ಬರುತ್ತದೆ.

ಪ್ರಶ್ನೆ: ನಮ್ಮ ಮನೆಯಲ್ಲಿ ಅಜ್ಜನ ಕಾಲದ ತೋಟಾಕೋವಿ ಇದೆ. ಕೊಡವರಿಗೆ ಲೈಸೆನ್ಸ್ ವಿನಾಯಿತಿ ಇರುವುದರಿಂದ ನಾವೂ ಮನೆಯಲ್ಲಿ ತೋಟಾ ತುಂಬಿಕೊಳ್ಳಬಹುದಲ್ಲವೇ? ತೋಟಕ್ಕೆ ಬರುವ ಕಡವೆಯನ್ನು ಹೊಡೆಯಬಹುದೇ?
(ಮಡಿಕೇರಿ ಕಡೆಯ ಓದುಗರು)

ಉತ್ತರ: ಎರಡಕ್ಕೂ ಇಲ್ಲ ಎಂದೇ ಉತ್ತರ. ಕೊಡವರಿಗೂ ಕೊಡಗಿನ ಪಾರಂಪರಿಕ ಜಮ್ಮಾ ಭೂಮಿಯ ಹಿಡುವಳಿದಾರರಿಗೂ ಇರುವ ವಿನಾಯಿತಿ ನಿಗದಿತ ಬಗೆಯ ಕೋವಿಯನ್ನು ಲೈಸೆನ್ಸ್ ಇಲ್ಲದೆ ಹೊಂದುವುದಕ್ಕೆ. ಬ್ರಿಟಿಷರ ಕಾಲದಿಂದ ಬಂದ ಅದನ್ನು ಕೇಂದ್ರ ಸರ್ಕಾರ 2019ರಲ್ಲಿ ಮತ್ತೆ ಹತ್ತು ವರ್ಷಕ್ಕೆ, 2029ರವರೆಗೆ ವಿಸ್ತರಿಸಿತು. 2021ರಲ್ಲಿ ಕರ್ನಾಟಕ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ತೋಟಾ ತಯಾರಿಸುವುದು ಬೇರೆ ಮಾತು. 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಕಲಮಿನ ಪ್ರಕಾರ ತಯಾರಿಕೆಗೆ ಪ್ರತ್ಯೇಕ ಲೈಸೆನ್ಸ್ ಬೇಕು, ಮಾತ್ರವಲ್ಲ, ಆ ಕಾಯ್ದೆ ತೋಟಾದ ಬಿಡಿಭಾಗಗಳನ್ನೂ ಅದನ್ನು ತಯಾರಿಸುವ ಯಂತ್ರವನ್ನೂ ಮದ್ದುಗುಂಡು ಎಂಬ ವ್ಯಾಖ್ಯೆಯೊಳಗೇ ಸೇರಿಸುತ್ತದೆ. ಅಮೆರಿಕದಲ್ಲಿ ಗ್ಯಾರೇಜಿನ ಮೇಜಿಗೆ ಬಿಗಿದಿರುವ ಪ್ರೆಸ್ ಇಲ್ಲಿ ಹಾಗೆ ಇಡುವ ವಸ್ತುವಲ್ಲ.

ಕಡವೆಯಾಗಲಿ ಜಿಂಕೆಯಾಗಲಿ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 9ನೇ ಕಲಮಿನ ಕೆಳಗೆ ಅದರ ಬೇಟೆ ಅಪರಾಧ. ಅಭಯಾರಣ್ಯದೊಳಗೆ ಆದರೆ ಶಿಕ್ಷೆ ಮೂರರಿಂದ ಏಳು ವರ್ಷ ಜೈಲು. ಬೆಳೆ ಹಾಳಾಗುತ್ತಿದ್ದರೆ ವಲಯ ಅರಣ್ಯಾಧಿಕಾರಿಗೆ ಬರೆದುಕೊಟ್ಟು ಪರಿಹಾರ ಕೇಳಿ. ಹೊಡೆಯುವ ಅನುಮತಿ ಕಾಯ್ದೆಯ 11ನೇ ಕಲಮಿನಂತೆ ಅಧಿಕಾರಿಯ ಲಿಖಿತ ಆದೇಶದಿಂದ ಮಾತ್ರ ಬರುತ್ತದೆ. ಕೋವಿಯನ್ನು ಕೊಡವರ ಆಯುಧಪೂಜೆಯ ಹಬ್ಬವಾದ ಕೈಲ್‌ಪೊಳ್ದ್‌ಗೆ ಪೂಜೆಗೆ ಇಡಿ, ತೆಂಗಿನಕಾಯಿಗೆ ಗುರಿ ಹೊಡೆಯುವ ಸ್ಪರ್ಧೆಗೆ ಒಯ್ಯಿರಿ. ತೋಟಾವನ್ನು ಪರವಾನಗಿ ಇರುವ ಅಂಗಡಿಯಲ್ಲೇ ಕೊಳ್ಳಿ.

ಪ್ರಶ್ನೆ: ಅಮೆರಿಕದಲ್ಲಿರುವ ಮಗ ರಜೆಗೆ ಬರುತ್ತಿದ್ದಾನೆ. ತಾನು ಹೊಡೆದ ಮೊದಲ ಜಿಂಕೆಯ ಖಾಲಿ ಕೇಸನ್ನು ಕೀ ಗೊಂಚಲಾಗಿ ಮಾಡಿಸಿ ಅಪ್ಪನಿಗೆ ತರುತ್ತೇನೆ ಎನ್ನುತ್ತಾನೆ. ತರಬಹುದೇ?
(ಬೆಂಗಳೂರಿನ ಓದುಗರು)

ಉತ್ತರ: ತರಬೇಡವೆಂದು ಇವತ್ತೇ ಹೇಳಿ. ಮೇಲೆ ಹೇಳಿದ ವ್ಯಾಖ್ಯೆಯಲ್ಲಿ ತೋಟಾದ ಬಿಡಿಭಾಗವೂ ಸೇರಿರುವುದರಿಂದ ವಿಮಾನ ನಿಲ್ದಾಣದ ಎಕ್ಸ್-ರೇಯಲ್ಲಿ ಖಾಲಿ ಕೇಸು ಕಂಡರೂ ಪೊಲೀಸರಿಗೆ ಒಪ್ಪಿಸುತ್ತಾರೆ. ಬ್ಯಾಗಿನಲ್ಲಿ ಇದ್ದದ್ದು ಗೊತ್ತೇ ಇರಲಿಲ್ಲ ಎಂದು ತೋರಿಸಿದವರ ಮೇಲಿನ ಪ್ರಕರಣಗಳನ್ನು ಹೈಕೋರ್ಟ್‌ಗಳು ರದ್ದು ಮಾಡಿರುವುದುಂಟು, ಆದರೆ ನಿಮ್ಮ ಮಗ ಗೊತ್ತಿದ್ದೇ ತರುತ್ತಿದ್ದಾನೆ. ಬೇಟೆಗೆ ಬಳಸಿದ ಬ್ಯಾಗನ್ನೇ ಪ್ರಯಾಣಕ್ಕೆ ತರುವುದಾದರೆ ಒಳಜೇಬುಗಳನ್ನೆಲ್ಲ ಹೊರಗೆ ತಿರುವಿ ಕೊಡವಿ ನೋಡಿಕೊಂಡು ಹೊರಡಲಿ.